ಸೋತ ಮೇಲೆ ಎಲ್ಲಿಗೆ ಹೋಗೋದು? ಮಂಗಳೂರಿನ ಕಮಲಾದೇವಿ ತೋರಿಸಿದ ದಾರಿಗಳು

ಧರಣಿ ಮುಗಿಯಿತು, ಟೆಂಟ್ ಬಿಚ್ಚಿದರು, ವಾಟ್ಸಾಪ್ ಗ್ರೂಪು ನಿಧಾನಕ್ಕೆ ಗುಡ್ ಮಾರ್ನಿಂಗ್ ಮೆಸೇಜುಗಳ ಗ್ರೂಪಾಯಿತು. ಈಗೇನು ಮಾಡೋದು? ಕಳೆದ ಕೆಲವು ವರ್ಷಗಳಲ್ಲಿ ಚಳವಳಿಗಳಿಗೆ ಬಂದು ಹೋದ ಎಷ್ಟೋ ಹುಡುಗ ಹುಡುಗಿಯರ ಬಾಯಲ್ಲಿ ಈ ಪ್ರಶ್ನೆ ಕೇಳಿದ್ದೇನೆ. ಅವರಿಗೆ ಸಿಟ್ಟಿದೆ, ಓದಿದೆ, ದುಡಿಯುವ ಮನಸ್ಸೂ ಇದೆ. ದಾರಿ ಮಾತ್ರ ಕಾಣಿಸ್ತಿಲ್ಲ. ಪಕ್ಷ ಸೇರೋಣ ಅಂದ್ರೆ ಬ್ಯಾನರ್ ಕಟ್ಟೋ ಕೆಲಸ, ಯಾರದೋ ಮಗನಿಗೆ ಜೈಕಾರ. ಎನ್‌ಜಿಒ ಅಂದ್ರೆ ಪ್ರಾಜೆಕ್ಟ್ ಮುಗಿದ ದಿನ ಕಾಳಜಿಯೂ ಮುಗಿಯುತ್ತೆ. ಕಾಲೇಜಿನಲ್ಲೇ ರಾಜಕೀಯ ಕಲಿಯೋಣ ಅಂದ್ರೆ ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ದಶಕಗಳೇ ಆಗಿವೆ.

ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾದಾಗ ನನಗೆ ಭಾಷಣಗಳಿಗಿಂತ ಒಂದು ಬದುಕನ್ನು ಹೇಳೋದು ಒಳ್ಳೇದು ಅನ್ನಿಸುತ್ತೆ. ಅದು ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕು. 2018ರ ಏಪ್ರಿಲ್ 3ರಂದು ಗೂಗಲ್ ಡೂಡಲ್‌ನಲ್ಲಿ ಕಾಣಿಸಿಕೊಂಡಿದ್ದರಲ್ಲ, ಅವರೇ. ಅವತ್ತು ಎಲ್ಲರೂ ಶೇರ್ ಮಾಡಿದ ಎರಡು ಸಾಲಿನ ಪರಿಚಯದಲ್ಲಿ ಇದ್ದದ್ದು ಕರಕುಶಲ ಕಲೆಗಳನ್ನು ಉಳಿಸಿದ ಮಹಿಳೆ ಅನ್ನೋದು. ಅದು ಸುಳ್ಳಲ್ಲ. ಆದರೆ ಆ ಎರಡು ಸಾಲಿನಲ್ಲಿ ಚುನಾವಣೆ ಸೋತ ಕಮಲಾದೇವಿ ಇರಲಿಲ್ಲ, ಷೇರುಪೇಟೆಗೆ ನುಗ್ಗಿ ಉಪ್ಪು ಮಾರಿದ ಕಮಲಾದೇವಿ ಇರಲಿಲ್ಲ, ಸಮಾಜವಾದಿ ಪಕ್ಷದ ಅಧ್ಯಕ್ಷೆ ಇರಲಿಲ್ಲ, ನಿರಾಶ್ರಿತರ ಜೊತೆ ಸಹಕಾರ ಸಂಘ ಕಟ್ಟಿದವರೂ ಇರಲಿಲ್ಲ. ಒಂದು ಬಾಗಿಲು ಮುಚ್ಚಿದಾಗಲೆಲ್ಲ ಅವರು ಮುಂದಿನ ಕೆಲಸ ಯಾವುದು ಅಂತ ಹುಡುಕಿ ಹೋಗಿದ್ದಾರೆ. ಹೇಗೆ ಹುಡುಕಿದರು ಅನ್ನೋದೇ ನನಗೆ ಮುಖ್ಯ.

ವಿಲ್ ಬರೆಯದೆ ಸತ್ತ ಅಪ್ಪ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಚಿತ್ರಾಪುರ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಅಪ್ಪ ಅನಂತಯ್ಯ ಧಾರೇಶ್ವರ್ ದೊಡ್ಡ ಸರ್ಕಾರಿ ಅಧಿಕಾರಿ. ಅಮ್ಮ ಗಿರಿಜಾಬಾಯಿ ಓದಿಕೊಂಡ ಹೆಂಗಸು. ಕಮಲಾದೇವಿಗೆ ಏಳು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಹೆಂಡತಿಗೆ, ಹೆಣ್ಣುಮಕ್ಕಳಿಗೆ ಸಿಗುವುದು ಜೀವನಾಂಶ ಮಾತ್ರ. ಗಿರಿಜಾಬಾಯಿ ಆ ಜೀವನಾಂಶವೂ ಬೇಡ ಅಂದರು. ತಮ್ಮ ತವರಿನಿಂದ ಬಂದದ್ದರಲ್ಲೇ ಮಗಳನ್ನು ಬೆಳೆಸಿದರು.

ಒಂದು ಮನೆಯಲ್ಲಿ ಹೆಂಗಸರಿಗೆ ಎಲ್ಲವೂ ಇದ್ದು, ಕಾಗದದ ಮೇಲೆ ಮಾತ್ರ ಅವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನು ಆ ಹುಡುಗಿ ಏಳನೇ ವಯಸ್ಸಿನಲ್ಲೇ ಕಂಡಳು. ಮುಂದೆ ಅವರು ಯಾವ ಸಂಘಟನೆಗೆ ಹೋದರೂ ಪಟ್ಟಿಯಲ್ಲಿ ಯಾರ ಹೆಸರಿಲ್ಲ ಅಂತ ಮೊದಲು ನೋಡುತ್ತಿದ್ದದ್ದಕ್ಕೆ ಇದೇ ಕಾರಣ ಇರಬೇಕು ಅನ್ನೋದು ನನ್ನ ಊಹೆ. ಅವರ ರಾಜಕೀಯ ಶಿಕ್ಷಣ ಶುರುವಾದದ್ದೂ ಮನೆಯಲ್ಲೇ. ಸೋದರಮಾವನ ಮನೆಗೆ ಆ ಕಾಲದ ಸುಧಾರಕರು, ನಾಯಕರು ಬಂದು ಹೋಗುತ್ತಿದ್ದರು. ದೊಡ್ಡವರ ಮಾತು ನಡೆಯುವಾಗ ಹುಡುಗಿ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಹದಿನಾಲ್ಕಕ್ಕೆ ಮದುವೆ. ಎರಡು ವರ್ಷದೊಳಗೆ ಗಂಡ ತೀರಿಕೊಂಡರು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಹದಿಹರೆಯದ ವಿಧವೆಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಓದು ಮುಂದುವರಿಸಲು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಸ್ನೇಹವಾಯಿತು. ಅವರ ಮೂಲಕ ಕವಿ, ನಟ ಹರೀಂದ್ರನಾಥರ ಪರಿಚಯ, ಆಮೇಲೆ ಮದುವೆ. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರ ಜೊತೆ. ಊರು ಬಾಯಿಗೆ ಬಂದಂತೆ ಮಾತಾಡಿತು. ಇಬ್ಬರೂ ನಾಟಕ ಆಡಿಕೊಂಡು ಊರೂರು ತಿರುಗಿದರು. ಮರ್ಯಾದಸ್ತರ ಮನೆಯ ಹೆಣ್ಣು ರಂಗದ ಮೇಲೆ ಬರಬಾರದು ಅನ್ನುತ್ತಿದ್ದ ದಿನಗಳವು. ಮುಂದೆ 1931ರಲ್ಲಿ ತೆರೆಕಂಡ ಮೂಕಿಚಿತ್ರ ಮೃಚ್ಛಕಟಿಕದಲ್ಲೂ ಅವರು ನಟಿಸಿದರು.

ಇಪ್ಪತ್ಮೂರಕ್ಕೆ ಮೊದಲ ಸೋಲು

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿ ಮರಳಿದ ಕಮಲಾದೇವಿ, ಗಾಂಧೀಜಿಯ ಚಳವಳಿಯ ಕಡೆ ನಡೆದರು. ಮೊದಲು ಸಿಕ್ಕ ಕೆಲಸ ಸೇವಾದಳದ್ದು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. ಅಮೆರಿಕದಲ್ಲಿ ಓದಿ ಬಂದಿದ್ದ ಈ ಡಾಕ್ಟರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಉತ್ಸಾಹ ಇದ್ದರೆ ಸಾಲದು, ಯುವಜನರಿಗೆ ತರಬೇತಿ ಬೇಕು, ಸಾಲಾಗಿ ನಿಲ್ಲೋದರಿಂದ ಹಿಡಿದು ಜನಜಂಗುಳಿ ಸಂಭಾಳಿಸೋದರವರೆಗೆ. 1923ರಲ್ಲಿ ಹುಟ್ಟಿದ ಹಿಂದೂಸ್ತಾನಿ ಸೇವಾದಳ ಆ ತರಬೇತಿಯ ಶಾಲೆಯಾಯಿತು. ಅದರ ಮಹಿಳಾ ವಿಭಾಗದ ಹೊಣೆ ಕಮಲಾದೇವಿಗೆ ಬಂತು. ಹೆಣ್ಣುಮಕ್ಕಳನ್ನು ಮನೆಯಿಂದ ಕರೆತರೋದು, ಅವರ ಅಪ್ಪ ಅಮ್ಮನನ್ನು ಒಪ್ಪಿಸೋದು, ಶಿಬಿರ ನಡೆಸೋದು. ವೇದಿಕೆ ಮೇಲೆ ಕೂರುವ ಕೆಲಸ ಅಲ್ಲ ಇದು. ಆದರೆ ಆರೇಳು ವರ್ಷಗಳ ನಂತರ ಸಾವಿರಾರು ಹೆಂಗಸರು ಬೀದಿಗೆ ಬಂದರಲ್ಲ, ಆ ಬರುವಿಕೆಯ ಹಿಂದೆ ಇಂಥ ಶಿಬಿರಗಳೂ ಇದ್ದವು.

1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಚುನಾವಣೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಹೆಂಗಸರಿಗೆ 1921ರಲ್ಲೇ ಮತದಾನದ ಹಕ್ಕು ಸಿಕ್ಕಿದ್ದರೂ ಅದು ಆಸ್ತಿ ಇದ್ದ ಕೆಲವರಿಗೆ ಮಾತ್ರ. ಸ್ಪರ್ಧಿಸುವ ಹಕ್ಕು ಬಂದದ್ದು 1926ರಲ್ಲಿ. ಐರ್ಲೆಂಡಿನಿಂದ ಬಂದು ಇಲ್ಲಿನ ಮಹಿಳಾ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಮಾರ್ಗರೆಟ್ ಕಸಿನ್ಸ್, ನೀನು ನಿಲ್ಲು ಅಂತ ಕಮಲಾದೇವಿಯ ಬೆನ್ನುಹತ್ತಿದರು. ಅವರು ಮಂಗಳೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ವಯಸ್ಸು 23. ಪ್ರಚಾರಕ್ಕೆ ಸಿಕ್ಕ ಸಮಯ ಬಹಳ ಕಡಿಮೆ, ಬೆನ್ನಿಗೆ ಪಕ್ಷ ಇಲ್ಲ. ತೀರಾ ಕಡಿಮೆ ಮತಗಳ ಅಂತರದಲ್ಲಿ ಸೋತರು. ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ಗೆದ್ದವರ ಸಾಲಿನಲ್ಲಿ ಇಲ್ಲ.

ಇಷ್ಟು ಹತ್ತಿರ ಬಂದು ಸೋತವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಮುಂದಿನ ಚುನಾವಣೆಗೆ ಕಾಯ್ತಾ ಕೂರ್ತಾರೆ, ಇಲ್ಲಾ ರಾಜಕೀಯವೇ ಕೊಳಕು ಅಂತ ಮನೆಗೆ ಹೋಗ್ತಾರೆ. ಕಮಲಾದೇವಿ ಎರಡನ್ನೂ ಮಾಡಲಿಲ್ಲ. ಮರುವರ್ಷ, 1927ರಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. ಊರಿಂದ ಊರಿಗೆ ರೈಲು ಹತ್ತಿ ಶಾಖೆಗಳನ್ನು ಕಟ್ಟಿದರು. ಸಮ್ಮೇಳನ ಶುರುವಾದದ್ದು ಹೆಣ್ಣುಮಕ್ಕಳ ಶಿಕ್ಷಣದ ವಿಷಯಕ್ಕೆ. ಆದರೆ ಹನ್ನೆರಡಕ್ಕೆ ಮದುವೆಯಾಗಿ ಹೋಗುವ ಹುಡುಗಿಗೆ ಶಾಲೆ ಕಟ್ಟಿ ಏನು ಪ್ರಯೋಜನ? ಆ ಪ್ರಶ್ನೆ ಸಮ್ಮೇಳನವನ್ನು ಬಾಲ್ಯವಿವಾಹದ ವಿರುದ್ಧದ ಹೋರಾಟಕ್ಕೆ ಎಳೆಯಿತು. 1929ರಲ್ಲಿ ಶಾರದಾ ಕಾಯ್ದೆ ಬಂದು ಹುಡುಗಿಯರ ಮದುವೆ ವಯಸ್ಸು 14, ಹುಡುಗರದು 18 ಎಂದಾಯಿತು. 14 ಇವತ್ತು ನಮಗೆ ತೀರಾ ಸಣ್ಣ ವಯಸ್ಸು ಅನ್ನಿಸಬಹುದು. ಅವತ್ತು ಅದಕ್ಕೂ ದೇಶದ ಸಂಪ್ರದಾಯವಾದಿಗಳು ಗದ್ದಲ ಎಬ್ಬಿಸಿದ್ದರು.

ಶಾಸನ ಪರಿಷತ್ತಿನ ಒಳಗೆ ಹೋಗಿದ್ದರೆ ಒಬ್ಬ ಸದಸ್ಯೆಯಾಗಿ ಎಷ್ಟು ಮಾಡುತ್ತಿದ್ದರೋ ಗೊತ್ತಿಲ್ಲ. ಹೊರಗಿದ್ದುಕೊಂಡು ಒಂದು ಕಾನೂನಿನ ಹಿಂದಿನ ಒತ್ತಡವನ್ನು ಕಟ್ಟುವುದರಲ್ಲಿ ಪಾಲುಗೊಂಡರು. ಚುನಾವಣೆ ಅನ್ನೋದು ಸಾರ್ವಜನಿಕ ಬದುಕಿಗೆ ಇರುವ ಹಲವು ಬಾಗಿಲುಗಳಲ್ಲಿ ಒಂದು, ಅಷ್ಟೇ. ಇದನ್ನು ಅವರು 24ನೇ ವಯಸ್ಸಿಗೇ ಅರ್ಥಮಾಡಿಕೊಂಡಿದ್ದರು. ನಮ್ಮಲ್ಲಿ ಅನೇಕರಿಗೆ 40 ದಾಟಿದರೂ ಅರ್ಥವಾಗಲ್ಲ.

ಗಾಂಧಿಯ ಜೊತೆಗೇ ಜಗಳ

1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟರು. ಜೊತೆಗೆ 78 ಜನ. ಆ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರಿಗೆ ಗಾಂಧೀಜಿ ಬೇರೆ ಕೆಲಸ ಯೋಚಿಸಿದ್ದರು. ಹೆಂಡದಂಗಡಿ, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್. ಕಮಲಾದೇವಿಗೆ ಇದು ಸರಿಬರಲಿಲ್ಲ. ಉಪ್ಪು ದಿನಾ ಮುಟ್ಟೋದು ಯಾರು? ಅಡುಗೆಮನೆಯ ವಸ್ತುವಿನ ಹೆಸರಲ್ಲಿ ನಡೆಯುವ ಸತ್ಯಾಗ್ರಹದಿಂದ ಅಡುಗೆಮನೆಯವರನ್ನೇ ಹೊರಗಿಡೋದು ಯಾವ ನ್ಯಾಯ? ಯಾತ್ರೆ ನಡೆಯುತ್ತಿದ್ದಾಗಲೇ ಹೋಗಿ ಗಾಂಧೀಜಿಯನ್ನು ಭೇಟಿಯಾದರು, ವಾದ ಮಾಡಿದರು. ಕೊನೆಗೆ ಗಾಂಧೀಜಿ ಒಪ್ಪಿದರು.

ಈ ಪ್ರಸಂಗ ನನಗೆ ಬಹಳ ಇಷ್ಟ. ಏಕೆಂದರೆ ಅವರು ಗಾಂಧೀಜಿಯನ್ನು ಒಪ್ಪದೆ ಚಳವಳಿ ಬಿಟ್ಟು ಹೋಗಲಿಲ್ಲ. ಗಾಂಧೀಜಿ ದೊಡ್ಡವರು ಅಂತ ಸುಮ್ಮನೂ ಆಗಲಿಲ್ಲ. ಒಳಗಿದ್ದುಕೊಂಡೇ ಜಗಳ ಆಡಿದರು, ಗೆದ್ದ ಮೇಲೆ ಮೈಮುರಿದು ಕೆಲಸ ಮಾಡಿದರು. ಇವತ್ತು ನಮ್ಮ ಸಂಘಟನೆಗಳಲ್ಲಿ ಈ ಮೂರನೇ ದಾರಿ ತುಂಬ ಕಿರಿದಾಗಿದೆ. ಪ್ರಶ್ನೆ ಕೇಳಿದ ಹುಡುಗಿ ಅಶಿಸ್ತಿನವಳಾಗ್ತಾಳೆ. ಬೇಸತ್ತ ಹುಡುಗ ಫೇಸ್‌ಬುಕ್‌ನಲ್ಲಿ ಒಂದು ಉದ್ದದ ಪೋಸ್ಟ್ ಹಾಕಿ ಹೊರಟು ಹೋಗ್ತಾನೆ. ಎರಡರಿಂದಲೂ ನಷ್ಟ ಚಳವಳಿಗೇ.

ಏಪ್ರಿಲ್ 6ರಂದು ದಂಡಿಯಲ್ಲಿ ಕಾನೂನು ಮುರಿದಾಗ ಬೊಂಬಾಯಿಯ ಚೌಪಾಟಿ ಕಡಲತೀರದಲ್ಲಿ ಕಮಲಾದೇವಿ, ಅವಂತಿಕಾಬಾಯಿ ಗೋಖಲೆ ಮುಂತಾದವರು ಒಲೆ ಹೂಡಿ ಉಪ್ಪು ತಯಾರಿಸಿದರು. ಮುಂದೆ ಸಾವಿರಾರು ಹೆಂಗಸರು ಬಿಂದಿಗೆ ಹಿಡಿದು ಸಮುದ್ರಕ್ಕೆ ಬಂದರು. ಕಮಲಾದೇವಿ ಉಪ್ಪಿನ ಪೊಟ್ಟಣಗಳನ್ನು ಹಿಡಿದುಕೊಂಡು ಬೊಂಬಾಯಿಯ ಷೇರುಪೇಟೆಗೆ ನುಗ್ಗಿದರು, ಅಲ್ಲಿ ಮಾರಿದರು. ಬಂಧನವಾಯಿತು. ಕೋರ್ಟಿನಲ್ಲಿ ನಿಂತಾಗ ಮ್ಯಾಜಿಸ್ಟ್ರೇಟರಿಗೇ ಉಪ್ಪು ಕೊಳ್ಳುವಂತೆ ಕೇಳಿದರಂತೆ. ಆಮೇಲೆ ಜೈಲು. ಅದು ಮೊದಲನೆಯದು, ಕೊನೆಯದಲ್ಲ. ಮುಂದಿನ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಹಲವು ಸಲ ಒಳಗೆ ಹೋಗಿ ಬಂದರು.

ಜೈಲಿನಿಂದ ಹೊರಬಂದವರು ಕಾಂಗ್ರೆಸ್ಸಿನ ಒಳಗೇ ಎಡಕ್ಕೆ ಸರಿದರು. 1934ರಲ್ಲಿ ಜಯಪ್ರಕಾಶ ನಾರಾಯಣ, ನರೇಂದ್ರ ದೇವ ಮುಂತಾದ ಯುವ ನಾಯಕರು ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದಾಗ ಅವರ ಜೊತೆ ನಿಂತರು. ಸ್ವಾತಂತ್ರ್ಯ ಯಾರಿಗೆ, ಜಮೀನ್ದಾರನಿಗಾ ಗೇಣಿದಾರನಿಗಾ, ಮಿಲ್ಲಿನ ಮಾಲೀಕನಿಗಾ ಕೂಲಿಗಾ ಅನ್ನೋದು ಆ ತಲೆಮಾರಿನ ಪ್ರಶ್ನೆ. 1936ರಲ್ಲಿ ಮೀರತ್‌ನಲ್ಲಿ ನಡೆದ ಪಕ್ಷದ ಅಧಿವೇಶನಕ್ಕೆ ಕಮಲಾದೇವಿಯೇ ಅಧ್ಯಕ್ಷೆ. ಆಗ ಅವರಿಗೆ 32. ಇದೇ ದಶಕದಲ್ಲಿ ಅವರ ದಾಂಪತ್ಯವೂ ಮುರಿಯಿತು. ವಿಚ್ಛೇದನ ಅನ್ನೋ ಪದವೇ ಬೈಗುಳವಾಗಿದ್ದ ಕಾಲದಲ್ಲಿ ಅವರು ಅದನ್ನು ಪಡೆದುಕೊಂಡರು, ಮಗನನ್ನು ಬೆಳೆಸಿದರು, ಕೆಲಸ ನಿಲ್ಲಿಸಲಿಲ್ಲ.

ರೈಲಿನಲ್ಲಿ ಒಂದು ಸೀಟು

ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಅವರು ವಿದೇಶದಲ್ಲಿದ್ದರು. ಅಮೆರಿಕಕ್ಕೆ ಹೋಗಿ ಭಾರತದ ಸ್ವಾತಂತ್ರ್ಯದ ಪರ ಭಾಷಣ ಮಾಡುತ್ತ ತಿರುಗಿದರು. 1941ರಲ್ಲಿ ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ಕಲೆಕ್ಟರ್ ಬಂದು ಬಿಳಿಯರ ಬೋಗಿಯಿಂದ ಎದ್ದುಹೋಗಲು ಹೇಳಿದ. ಏಳಲಿಲ್ಲ. ಅವನು ಹೋಗಿ ಮತ್ತೆ ಬಂದ. ಈಕೆ ಆಫ್ರಿಕನ್ ಅಮೆರಿಕನ್ ಅಲ್ಲ ಅನ್ನೋದು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಯಾವ ದೇಶದವರು ಅಂತ ಕೇಳಿದ. ಭಾರತದವಳು ಅಂದುಬಿಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ವಿದೇಶಿ ಅತಿಥಿ ಅಂತ ವಿನಾಯಿತಿ ಸಿಗುತ್ತಿತ್ತು. ಕಮಲಾದೇವಿ ಆ ವಿನಾಯಿತಿ ತಗೊಳ್ಳಲಿಲ್ಲ. ತಾನು ಬಣ್ಣದ ಹೆಂಗಸು, ಆದ್ದರಿಂದ ಏಳುವುದಿಲ್ಲ ಅಂದರು. ಅವನು ಸುಮ್ಮನೆ ಹೋದ.

ಮಾಂಟ್ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡಲು ಒಪ್ಪದ ಘಟನೆ ನಡೆದದ್ದು 1955ರಲ್ಲಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸರಿಯಲ್ಲ. ಪಾರ್ಕ್ಸ್ ಅದೇ ಊರಲ್ಲಿ ಬದುಕಬೇಕಿತ್ತು, ಬೆಲೆ ತೆರಬೇಕಿತ್ತು. ಕಮಲಾದೇವಿ ವಾಪಸ್ ಬರುವವರಾಗಿದ್ದರು. ಆದರೂ ಆ ಸಣ್ಣ ನಿರಾಕರಣೆಯಲ್ಲಿ ನನಗೆ ಒಂದು ರಾಜಕೀಯ ಕಾಣುತ್ತೆ. ನನಗೆ ಸಿಗುವ ವಿನಾಯಿತಿ ಪಕ್ಕದವರಿಗೆ ಸಿಗದಿದ್ದರೆ ಅದು ಹಕ್ಕಲ್ಲ. ಒಳ್ಳೆ ಸರ್‌ನೇಮು, ಒಳ್ಳೆ ಇಂಗ್ಲಿಷು ಇರುವವರಿಗೆ ಬಾಡಿಗೆ ಮನೆ ಬೇಗ ಸಿಗುವ ಊರುಗಳಲ್ಲಿ ಬದುಕುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಬಾವುಟ ಏರಿದ ಮೇಲೆ

1947 ಬಂತು. ಚಳವಳಿ ಗೆದ್ದಿತು. ಜೊತೆಯಲ್ಲಿ ಜೈಲಿಗೆ ಹೋಗಿದ್ದವರು ಮಂತ್ರಿಗಳಾದರು, ರಾಯಭಾರಿಗಳಾದರು, ರಾಜ್ಯಪಾಲರಾದರು. ಕಮಲಾದೇವಿಗೆ ಆಗ 44. ಅನುಭವ, ಹೆಸರು, ನೆಹರೂ ಅವರಿಂದ ಹಿಡಿದು ಎಲ್ಲರ ಪರಿಚಯ, ಎಲ್ಲವೂ ಇತ್ತು. ಅವರು ಆ ಸಾಲಿನಲ್ಲಿ ನಿಲ್ಲಲಿಲ್ಲ. ದಿಲ್ಲಿಯ ನಿರಾಶ್ರಿತರ ಶಿಬಿರಗಳಿಗೆ ಹೋದರು.

ದೇಶವಿಭಜನೆಯಿಂದ ಮನೆ ಕಳಕೊಂಡು ಬಂದ ಲಕ್ಷಾಂತರ ಜನರಿಗೆ ಸರ್ಕಾರ ಟೆಂಟು, ರೇಷನ್ನು ಕೊಡುತ್ತಿತ್ತು. ಕಮಲಾದೇವಿ ನೋಡಿದ್ದು ಬೇರೆಯದನ್ನು. ದಿನಾ ಸಾಲಿನಲ್ಲಿ ನಿಂತು ಅನ್ನ ಪಡೆಯುವ ಮನುಷ್ಯನಿಗೆ ಹೊಟ್ಟೆ ತುಂಬುತ್ತೆ, ಬೆನ್ನು ಬಾಗುತ್ತೆ. ಅವರಿಗೆ ಬೇಕಾದದ್ದು ಕೆಲಸ, ಮತ್ತು ಆ ಕೆಲಸದ ಮೇಲೆ ಅವರದೇ ಹಿಡಿತ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ದಿಲ್ಲಿಯ ಹೊರಗೆ ಛತ್ತರ್‌ಪುರದಲ್ಲಿ ನಿರಾಶ್ರಿತರ ಸಹಕಾರಿ ಕೃಷಿ ಶುರುವಾಯಿತು. ಆಮೇಲೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದಿದ್ದ ಸಾವಿರಾರು ನಿರಾಶ್ರಿತರು ಅಲ್ಲಿ ಗುತ್ತಿಗೆದಾರರನ್ನು ನೆಚ್ಚಿಕೊಳ್ಳದೆ, ತಾವೇ ಸಹಕಾರ ಸಂಘ ಮಾಡಿಕೊಂಡು ತಮ್ಮ ಮನೆಗಳನ್ನು, ತಮ್ಮ ಊರನ್ನು ಕಟ್ಟಿದರು.

ಈ ಕೆಲಸದಲ್ಲಿ ಕಮಲಾದೇವಿಯ ಜೊತೆಗಿದ್ದ ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ಹೆಸರು ಲಕ್ಷ್ಮೀಚಂದ್ ಜೈನ್. 1947ರಲ್ಲಿ ಅವನಿಗೆ ಇನ್ನೂ 22 ತುಂಬಿರಲಿಲ್ಲ. ಕ್ವಿಟ್ ಇಂಡಿಯಾ ಕಾಲದಲ್ಲಿ ವಿದ್ಯಾರ್ಥಿ ಚಳವಳಿಯಲ್ಲಿದ್ದವನು. ದಿಲ್ಲಿಯ ಕಿಂಗ್ಸ್‌ವೇ ನಿರಾಶ್ರಿತರ ಶಿಬಿರದ ಹೊಣೆ ಅವನ ಹೆಗಲಿಗೆ ಬಿದ್ದಿತ್ತು. ಅಲ್ಲಿಂದ ಕೋಆಪರೇಟಿವ್ ಯೂನಿಯನ್‌ಗೆ ಬಂದ, ಛತ್ತರ್‌ಪುರ ನೋಡಿದ, ಫರೀದಾಬಾದಿನಲ್ಲಿ ದುಡಿದ, ಆಮೇಲೆ ಕರಕುಶಲ ಮಂಡಳಿಯಲ್ಲೂ ಕಮಲಾದೇವಿಯ ಜೊತೆಗೇ ಇದ್ದ. ಮುಂದೆ ಎಲ್.ಸಿ. ಜೈನ್ ಅಂತ ದೇಶಕ್ಕೆಲ್ಲ ಗೊತ್ತಾದವರು, ಯೋಜನಾ ಆಯೋಗದ ಸದಸ್ಯರಾದವರು, 1989ರಲ್ಲಿ ಮ್ಯಾಗ್ಸೆಸೆ ಪಡೆದವರು ಅವರೇ. 2010ರಲ್ಲಿ ತೀರಿಕೊಂಡರು. 22ರ ಹುಡುಗನ ಕೈಗೆ ಇಡೀ ಶಿಬಿರ ಕೊಡುವ ನಂಬಿಕೆ ಆ ಕಾಲಕ್ಕಿತ್ತು. ಇವತ್ತು 22ರವರಿಗೆ ನಮ್ಮ ಸಂಘಟನೆಗಳು ಕೊಡೋದು ಇನ್‌ಸ್ಟಾಗ್ರಾಮ್ ಪೇಜಿನ ಪಾಸ್‌ವರ್ಡ್ ಮಾತ್ರ. ಯುವಜನರು ಬರ್ತಾ ಇಲ್ಲ ಅಂತ ಗೊಣಗುವ ಹಿರಿಯರು ಇದನ್ನು ಗಮನಿಸಬೇಕು. ಹೊಣೆ ಕೊಡದ ಕಡೆ ಯಾರೂ ಬಹಳ ದಿನ ನಿಲ್ಲಲ್ಲ.

ಫರೀದಾಬಾದಿನ ಕಥೆ ಸುಖಾಂತ್ಯ ಅಲ್ಲ ಅನ್ನೋದನ್ನೂ ಹೇಳಬೇಕು. ಕೆಲವೇ ವರ್ಷಗಳಲ್ಲಿ ಇಲಾಖೆಗಳ ಹಿಡಿತ ಬಿಗಿಯಾಯಿತು, ಜನರೇ ನಡೆಸುವ ಊರು ಅನ್ನೋ ಪ್ರಯೋಗ ಸೊರಗಿತು. ಕಮಲಾದೇವಿ ಮತ್ತೆ ಸೋತರು ಅನ್ನಬಹುದು. ಆದರೆ ಅಲ್ಲಿ ಕಲಿತದ್ದು ಅವರ ಜೊತೆ ಬಂತು. ನಿರಾಶ್ರಿತರಲ್ಲಿ ಎಷ್ಟೋ ಜನ ನೇಕಾರರು, ಕಸೂತಿಯವರು, ಮರಗೆಲಸದವರು ಇದ್ದರು. ಅವರು ಮಾಡಿದ್ದನ್ನು ಕೊಳ್ಳುವವರು ಬೇಕಿತ್ತು. 1952ರಲ್ಲಿ ದಿಲ್ಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸುವ ಹೊಣೆಯನ್ನು ಕೋಆಪರೇಟಿವ್ ಯೂನಿಯನ್ ವಹಿಸಿಕೊಂಡಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು, ಕಮಲಾದೇವಿ ಅದನ್ನು ವರ್ಷಗಟ್ಟಲೆ ಮುನ್ನಡೆಸಿದರು. ಡೂಡಲ್‌ನಲ್ಲಿ ನಾವು ನೋಡಿದ ಕಮಲಾದೇವಿ ಹುಟ್ಟಿದ್ದು ಹೀಗೆ, ನಿರಾಶ್ರಿತರ ಶಿಬಿರದಿಂದ.

ಮುಂದಿನ ದಶಕಗಳಲ್ಲಿ ಅವರು ದೇಶದ ಮೂಲೆ ಮೂಲೆ ಸುತ್ತಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದಾಗ ಅಲ್ಲಿ ತರಬೇತಿ ಕೇಂದ್ರ ಶುರುಮಾಡಿಸಿದರು. ಮಂಡಳಿಯ ವಿನ್ಯಾಸ ಕೇಂದ್ರಗಳು ತಲೆಯೆತ್ತಿದವು, ಅದರಲ್ಲಿ ಒಂದು ಬೆಂಗಳೂರಿನದು. ರಂಗಭೂಮಿಯನ್ನೂ ಬಿಡಲಿಲ್ಲ. ಅವರು ಕಟ್ಟಿದ ಭಾರತೀಯ ನಾಟ್ಯ ಸಂಘ ದಿಲ್ಲಿಯಲ್ಲಿ ಆರಂಭಿಸಿದ ನಾಟಕ ತರಬೇತಿ ಸಂಸ್ಥೆಯೇ ರಾಷ್ಟ್ರೀಯ ನಾಟಕ ಶಾಲೆಯ ಬೇರು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಮಿತಿಗಳು, ನಮ್ಮ ಪ್ರಶ್ನೆಗಳು

ಇಷ್ಟು ಹೇಳಿದ ಮೇಲೆ ಆರತಿ ಎತ್ತಿ ಮುಗಿಸೋದು ನನಗೆ ಇಷ್ಟವಿಲ್ಲ. ಕಮಲಾದೇವಿಗೆ ಹುಟ್ಟಿನಿಂದ ಬಂದ ಅನುಕೂಲಗಳು ಬಹಳ. ಬ್ರಾಹ್ಮಣ ಮನೆ, ಓದಿದ ಅಮ್ಮ, ಇಂಗ್ಲಿಷ್, ಲಂಡನ್, ದೇಶದ ದೊಡ್ಡ ಕುಟುಂಬಗಳ ಸಂಪರ್ಕ. ಸೋತಾಗ ಬೀಳಲು ಅವರಿಗೆ ಹಾಸಿಗೆ ಇತ್ತು. ಸಾಲ ಮಾಡಿ ಡಿಗ್ರಿ ಓದಿ, ಡೆಲಿವರಿ ಬ್ಯಾಗ್ ಬೆನ್ನಿಗೇರಿಸಿಕೊಂಡ ಹುಡುಗನಿಗೆ ನೀನೂ ಅವರಂತೆ ದಾರಿ ಹುಡುಕು ಅನ್ನೋದು ಕ್ರೂರ ಮಾತಾಗುತ್ತೆ.

ಇನ್ನೊಂದು. ನಮ್ಮ ದೇಶದಲ್ಲಿ ಕಸುಬು ಅಂದ್ರೆ ಜಾತಿ. ಕುಂಬಾರನ, ನೇಕಾರನ, ಚಮ್ಮಾರನ ಕೈಕೆಲಸವನ್ನು ಪರಂಪರೆ ಅಂತ ಹೊಗಳುವುದು ಸುಲಭ. ಆದರೆ ಅವರ ಮಗಳು ಚಕ್ರ ಬಿಟ್ಟು ಕಂಪ್ಯೂಟರ್ ಮುಟ್ಟಬೇಕು ಅಂದರೆ? ಕರಕುಶಲ ಚಳವಳಿ ಮಾರುಕಟ್ಟೆಯನ್ನು ಕೊಟ್ಟಿತು, ಗೌರವವನ್ನೂ ಸ್ವಲ್ಪ ಕೊಟ್ಟಿತು. ಜಾತಿಯ ಗಂಟನ್ನು ಬಿಚ್ಚುವ ಕೆಲಸ ಅದರಿಂದ ಆಗಲಿಲ್ಲ. ಸಹಕಾರದ ರಾಜಕೀಯವಾಗಿ ಶುರುವಾದದ್ದು ಎಷ್ಟೋ ಕಡೆ ಶ್ರೀಮಂತರ ಡ್ರಾಯಿಂಗ್ ರೂಮಿನ ಅಲಂಕಾರವಾಗಿ ನಿಂತಿತು. ಈ ಟೀಕೆಯನ್ನು ನಾವು ಮಾಡಲೇಬೇಕು.

ಆದರೂ ಅವರ ಬದುಕಿನಿಂದ ನಾನು ಎತ್ತಿಕೊಳ್ಳುವ ಒಂದು ಪಾಠಕ್ಕೆ ಲಂಡನ್ನಿನ ಡಿಗ್ರಿ ಬೇಕಿಲ್ಲ. ದಾರಿ ಅನ್ನೋದು ಕೂತು ಯೋಚಿಸಿದಾಗ ಹೊಳೆಯೋದಲ್ಲ, ಈಗಿನ ಕೆಲಸದ ತುದಿಯಲ್ಲಿ ಸಿಗೋದು. ಸೇವಾದಳದ ಶಿಬಿರದಿಂದ ಮಹಿಳಾ ಸಮ್ಮೇಳನ, ಅಲ್ಲಿಂದ ಉಪ್ಪು, ಉಪ್ಪಿನಿಂದ ಜೈಲು, ಜೈಲಿನಿಂದ ಸಮಾಜವಾದ, ಸಮಾಜವಾದದಿಂದ ನಿರಾಶ್ರಿತರ ಸಹಕಾರ ಸಂಘ, ಅಲ್ಲಿಂದ ಕುಶಲಕರ್ಮಿಗಳು. ಒಂದೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯಲ್ಲಿ ಬಿಟ್ಟುಹೋದವರನ್ನು ಹುಡುಕಿಕೊಂಡು ಇಟ್ಟದ್ದು.

ಹಾಗಾದರೆ ಇವತ್ತು ಎಲ್ಲಿಂದ ಶುರುಮಾಡೋದು? ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ, ಸಣ್ಣವು ಇವೆ. ಊರಲ್ಲಿದ್ದರೆ ಗ್ರಾಮಸಭೆಗೆ ಹೋಗಿ. ಬಹಳ ಕಡೆ ಅದು ಸಹಿ ಹಾಕಿಸಿಕೊಂಡು ಮುಗಿಸುವ ಶಾಸ್ತ್ರವಾಗಿದೆ. ಪ್ರಶ್ನೆ ಕೇಳುವ ಐದು ಜನ ಹೋಗಿ ಕೂತರೆ ಶಾಸ್ತ್ರ ಸಭೆಯಾಗುತ್ತೆ. 21 ತುಂಬಿದ್ದರೆ ಗ್ರಾಮ ಪಂಚಾಯ್ತಿಗೆ ಸ್ಪರ್ಧಿಸಬಹುದು. ನಮ್ಮ ರಾಜ್ಯದಲ್ಲಿ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲು, ಆದರೆ ಎಷ್ಟೋ ಕಡೆ ಕುರ್ಚಿಯಲ್ಲಿ ಗಂಡ ಕೂರ್ತಾನೆ. ಗೆದ್ದ ಹೆಂಗಸಿಗೆ ಕಡತ ಓದಿ ಹೇಳುವ, ಕಾನೂನು ತಿಳಿಸುವ ಒಬ್ಬ ಓದಿದ ಹುಡುಗಿ ಜೊತೆಗಿದ್ದರೆ ಎಷ್ಟು ಬದಲಾಗುತ್ತೆ ನೋಡಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಒಂದು ಹಾಸ್ಟೆಲ್ಲಿನ ಊಟದ ಲೆಕ್ಕವನ್ನು ಹೊರತರಬಲ್ಲದು. ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಓದಿನ ಗುಂಪು ಮಾಡೋದಕ್ಕೆ ಯಾರ ಫಂಡೂ ಬೇಕಿಲ್ಲ.

ನಗರದಲ್ಲಿರುವವರು ಆ್ಯಪ್ ಆಧಾರಿತ ಕಾರ್ಮಿಕರ ಸಂಘಗಳ ಕಡೆ ನೋಡಿ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ 2025ರಲ್ಲಿ ಕರ್ನಾಟಕ ಕಾಯ್ದೆ ಮಾಡಿದೆ. ಕಾಯ್ದೆ ಪುಸ್ತಕದಲ್ಲಿದ್ದರೆ ಸಾಲದು. ಯಾರು ನೋಂದಣಿಯಾದರು, ಯಾರು ಬಿಟ್ಟುಹೋದರು ಅಂತ ನೋಡುವವರು ಬೇಕು. ಸಹಕಾರ ಅಂದ್ರೆ ಡಿಸಿಸಿ ಬ್ಯಾಂಕಿನ ರಾಜಕಾರಣ ಮಾತ್ರ ಅಂದುಕೊಂಡವರಿಗೆ ಒಂದು ನೆನಪು. ಭಾರತದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಚರಕ ಅನ್ನೋ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಬಟ್ಟೆ ಮಾಡ್ತಾ ಬಂದಿದೆ. ಕಷ್ಟ ನಷ್ಟ ಅವರಿಗೂ ಇವೆ. ಆದರೂ ಅಲ್ಲಿಗೆ ಹೋಗಿ ಲೆಕ್ಕಪುಸ್ತಕ ನೋಡಿದರೆ ಮೂರು ಸೆಮಿನಾರುಗಳಿಗಿಂತ ಹೆಚ್ಚು ಅರ್ಥವಾಗುತ್ತೆ.

ಇವು ಯಾವುದರಲ್ಲೂ ಫೋಟೋ ಚೆನ್ನಾಗಿ ಬರಲ್ಲ. ಸದಸ್ಯರ ಪಟ್ಟಿ ಬರೆಯೋದು, ಸಭೆಯ ನಡಾವಳಿ ಬರೆಯೋದು, ಚಂದಾ ಎತ್ತೋದು, ಎರಡು ಸಲ ಬಂದು ಮೂರನೇ ಸಲ ಬಾರದ ಹುಡುಗಿಯ ಮನೆಗೆ ಹೋಗಿ ಯಾಕೆ ಬರಲಿಲ್ಲ ಅಂತ ಕೇಳೋದು. ಧರಣಿಯ ಟೆಂಟ್ ಬಿಚ್ಚಿದ ಮೇಲೂ ನಡೆಯಬೇಕಾದ ರಾಜಕೀಯ ಇದೇ. ಕಮಲಾದೇವಿಯ ಬದುಕಿನ ಬಹುಪಾಲು ಇಂಥ ಕೆಲಸದಲ್ಲೇ ಕಳೆಯಿತು. ಷೇರುಪೇಟೆಯ ಉಪ್ಪು ಒಂದು ದಿನದ್ದು.

ಕಮಲಾದೇವಿ ತೀರಿಕೊಂಡ ಎರಡೇ ತಿಂಗಳಿಗೆ, 1988ರ ಡಿಸೆಂಬರ್‌ನಲ್ಲಿ, ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಸಂವಿಧಾನ ತಿದ್ದುಪಡಿಗೆ ಸಂಸತ್ತು ಒಪ್ಪಿತು. ಆ ಮೂರು ವರ್ಷಗಳ ಹಕ್ಕು ನಿಮ್ಮ ಕೈಗೆ ಬಂದದ್ದು ಹಾಗೆ. ಐದು ವರ್ಷಕ್ಕೊಮ್ಮೆ ಗುಂಡಿ ಒತ್ತುವುದಕ್ಕಷ್ಟೇ ಅದನ್ನು ಬಳಸಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಊರಲ್ಲೋ ಕಾಲೇಜಲ್ಲೋ ಯಾವುದಾದರೂ ಸಮಿತಿ, ಸಂಘ, ಜಾಥಾ ಅಂತ ಪಟ್ಟಿ ಕೈಗೆ ಬಂದಾಗ ಒಂದು ಕೆಲಸ ಮಾಡಿ. ಅದರಲ್ಲಿ ಯಾರ ಹೆಸರಿಲ್ಲ ಅಂತ ನೋಡಿ. ಅವರ ಮನೆ ಎಲ್ಲಿದೆ ಅಂತ ವಿಚಾರಿಸಿ. ಹೋಗಿ ಬಾಗಿಲು ತಟ್ಟಿ.